ವಾರಕ್ಕೊಂದು ಕಮರಕಟ್ಟು

ಐವತ್ತು ದಾಟಿದ ಯಾರನ್ನಾದರೂ ಹತ್ತಿರ ಕೂರಿಸಿಕೊಂಡು, ‘ನಿಮ್ಮ ಕಾಲದಲ್ಲಿ ಅಂಗಡಿಯಲ್ಲಿ ಏನೇನು ಮಿಠಾಯಿ ಸಿಗುತ್ತಿತ್ತು?’ ಎಂದು ಕೇಳಿ ನೋಡಿ. ಮೊಣಕಾಲು ನೋವು, ಬಿ.ಪಿ. ಮಾತ್ರೆ, ಮಗನ ಕೆಲಸದ ಚಿಂತೆ ಎಲ್ಲವೂ ಒಂದು ಗಳಿಗೆ ಮರೆತುಹೋಗುತ್ತವೆ. ಕಮರಕಟ್ಟು, ಕಡಲೆಮಿಠಾಯಿ, ನಿಂಬೆಹುಳಿ, ಶುಂಠಿ ಪೆಪ್ಪರಮೆಂಟು, ಬೆಂಡು, ಬತ್ತಾಸು... ಹೆಸರುಗಳು ಒಂದೊಂದಾಗಿ ಹೊರಬರುತ್ತವೆ. ಜೊತೆಗೆ ಬಾಯಲ್ಲಿ ನೀರೂ!

ಕೋಲಾರ ತಾಲ್ಲೂಕಿನ ನಮ್ಮ ಸುಗಟೂರು ಚರಿತ್ರೆಯ ಪುಸ್ತಕಗಳಲ್ಲಿ ಪಾಳೆಯಗಾರರ ಊರು. ಒಂದು ಕಾಲದಲ್ಲಿ ಈ ಸೀಮೆಯನ್ನು ಆಳಿದ ಮನೆತನಕ್ಕೆ ಹೆಸರು ಕೊಟ್ಟ ಊರು. ಆದರೆ 1970ರ ದಶಕದ ಕೊನೆಯಲ್ಲಿ ಇಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ನಮ್ಮಂಥವರಿಗೆ ಕಾಣುತ್ತಿದ್ದ ಸಾಮ್ರಾಜ್ಯ ಬೇರೆಯೇ. ಅದು ಚಿಲ್ಲರೆ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ನಿಂತಿದ್ದ ಗಾಜಿನ ಭರಣಿಗಳ ಸಾಮ್ರಾಜ್ಯ. ಒಂದು ಭರಣಿಯಲ್ಲಿ ಕಪ್ಪು ಗೋಲಿಯಂಥ ಕಮರಕಟ್ಟು. ಇನ್ನೊಂದರಲ್ಲಿ ಕಿತ್ತಳೆ ತೊಳೆಯ ಆಕಾರದ, ಮೇಲೆಲ್ಲ ಸಕ್ಕರೆ ಉದುರಿಸಿದ ನಿಂಬೆಹುಳಿ. ಮತ್ತೊಂದರಲ್ಲಿ ಬಿಳಿ ಬಿಲ್ಲೆಯಂಥ ಪೆಪ್ಪರಮೆಂಟು. ಕೈಯಲ್ಲಿ ಚೌಕಾಕಾರದ ಐದು ಪೈಸೆ ಇದ್ದರೆ ನಾವು ಪ್ರಜೆಗಳು. ಅಂಚೆಲ್ಲ ಹೂವಿನ ದಳದಂತಿದ್ದ ಹತ್ತು ಪೈಸೆ ಇದ್ದರೆ ನಾವೇ ದೊರೆಗಳು. ಆ ನಾಣ್ಯಗಳೂ ಈಗಿಲ್ಲ. 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು.

ಈ ಲೇಖನ ಬರೀ ನೆನಪಿನ ಮೆಲುಕಿಗಲ್ಲ. ‘ನಮ್ಮ ಕಾಲದ ಮಿಠಾಯಿ ಶುದ್ಧ, ಈಗಿನದು ವಿಷ’ ಎಂದು ಹಿರಿಯರು ಹೇಳುವುದನ್ನು ಮಕ್ಕಳು ದಿನವೂ ಕೇಳುತ್ತಾರೆ. ಆ ಮಾತಿನಲ್ಲಿ ನಿಜ ಎಷ್ಟು? ವಿಜ್ಞಾನದ ಮೇಷ್ಟ್ರಾಗಿ ಅದನ್ನು ಒಮ್ಮೆ ಪರೀಕ್ಷೆಗೆ ಒಡ್ಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ನಮ್ಮ ಹೊಲದಿಂದ ನಮ್ಮ ಬಾಯಿಗೆ

ಆಗಿನ ಅರ್ಧದಷ್ಟು ಮಿಠಾಯಿಗಳಿಗೆ ಕಾರ್ಖಾನೆಯ ಹಂಗೇ ಇರಲಿಲ್ಲ. ನಮ್ಮ ಸೀಮೆಯ ಮಳೆಯಾಶ್ರಯದ ಹೊಲಗಳಲ್ಲಿ ರಾಗಿಯಂತೆ ಕಡಲೆಕಾಯಿಯೂ ಬೆಳೆ. ರಸ್ತೆಯ ಬದಿಯಲ್ಲಿ, ಕೆರೆಯ ಅಂಚಿನಲ್ಲಿ ಹುಣಸೆ ಮರ. ಬಾವಿಯಲ್ಲಿ ನೀರಿದ್ದ ಕಡೆ ಅಲ್ಲಲ್ಲಿ ಕಬ್ಬು, ಆಲೆಮನೆ. ಸಕ್ಕರೆ ಸೊಸೈಟಿಯಲ್ಲಿ ಕಾರ್ಡಿಗೆ ಇಷ್ಟೇ ಎಂದು ಸಿಗುತ್ತಿದ್ದ ದಿನಗಳವು. ಹಾಗಾಗಿ ಸಿಹಿ ಎಂದರೆ ಬೆಲ್ಲವೇ. ಬೆಲ್ಲಕ್ಕೆ ಹುರಿದ ಬೀಜ ಸೇರಿದರೆ ಕಡಲೆಮಿಠಾಯಿ. ತೆಂಗಿನ ತುರಿ ಸೇರಿಸಿ ಗಟ್ಟಿಯಾಗಿ ಕುದಿಸಿದರೆ ಕಮರಕಟ್ಟು. ಹುಣಸೆಹಣ್ಣು, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಜೊತೆಗಿಟ್ಟು ಒರಳಲ್ಲಿ ಕುಟ್ಟಿದರೆ ಚಿಗಳಿ. ಚಿಗಳಿಯನ್ನು ಪೊರಕೆ ಕಡ್ಡಿಗೆ ಸಿಕ್ಕಿಸಿಕೊಂಡು ಚೀಪುತ್ತಾ ಹೋದರೆ ಸ್ಕೂಲಿನ ದಾರಿ ಸವೆದದ್ದೇ ತಿಳಿಯುತ್ತಿರಲಿಲ್ಲ.

ಕಾಗದ ಸುತ್ತಿದ ಮಿಠಾಯಿ ದೊಡ್ಡವರ ಮನೆಯದು, ನೆಂಟರ ಚೀಲದ್ದು. ಅದರಲ್ಲಿ ಒಂದು ಹೆಸರು ನಮಗೆ ಬಹಳ ಹತ್ತಿರದ್ದು. ಕೋಲಾರದಿಂದ ಮುಳಬಾಗಿಲು ದಾಟಿ ಮದ್ರಾಸಿನ ರಸ್ತೆಯಲ್ಲಿ ಮುಂದೆ ಹೋದರೆ ಪಲಮನೇರು, ಆಮೇಲೆ ಚಿತ್ತೂರು. ಅಲ್ಲಿ 1952ರಲ್ಲಿ ಆರಂಭವಾದ ನ್ಯೂಟ್ರಿನ್ ಕಾರ್ಖಾನೆಯ ಮಿಠಾಯಿಗಳು ದಕ್ಷಿಣ ಭಾರತದ ತುಂಬ ಹರಡಿದವು. 2006ರಲ್ಲಿ ಆ ಸಂಸ್ಥೆ ಗೋದ್ರೆಜ್ ಬಳಗದ ಪಾಲಾಯಿತು. ಮಹಾರಾಷ್ಟ್ರದಲ್ಲಿ 1940ರ ದಶಕದಿಂದ ಮಿಠಾಯಿ ಮಾಡುತ್ತಿದ್ದ ರಾವಳಗಾಂವ್‌ನ ಹೆಸರುಗಳನ್ನು 2024ರಲ್ಲಿ ರಿಲಯನ್ಸ್ ಕೊಂಡುಕೊಂಡಿತು. ಭರಣಿಯ ಮಿಠಾಯಿಗೂ ಷೇರುಪೇಟೆಗೂ ನಂಟು ಬೆಳೆದದ್ದು ಹೀಗೆ.

ಒಂದೇ ಸಕ್ಕರೆ, ನಾಲ್ಕು ಅವತಾರ

ವಿದ್ಯಾರ್ಥಿ ಮಿತ್ರರೇ, ಹಳೆಯ ಮಿಠಾಯಿಗಳ ದೊಡ್ಡ ಲಾಭವೊಂದಿತ್ತು. ಅವು ಹೇಗೆ ಆಗುತ್ತವೆ ಎಂಬುದನ್ನು ಕಣ್ಣಾರೆ ನೋಡಬಹುದಿತ್ತು. ಒಲೆಯ ಮುಂದೆ ಕುಳಿತ ಅಜ್ಜಿ ಪಾಕದ ಒಂದು ತೊಟ್ಟನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ನೋಡುತ್ತಿದ್ದಳು. ಬೆರಳಲ್ಲಿ ಉಂಡೆ ಕಟ್ಟಿದರೆ ಉಂಡೆ ಪಾಕ. ತಟ್ಟೆಗೆ ಎಸೆದಾಗ ‘ಟಣ್’ ಎಂದರೆ ಗಟ್ಟಿ ಪಾಕ. ಥರ್ಮಾಮೀಟರ್ ಇಲ್ಲದ ಪ್ರಯೋಗಶಾಲೆಯದು!

ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಅದರಲ್ಲಿ ಸಕ್ಕರೆ ಕರಗಿದ್ದರೆ ಕುದಿಯುವ ಬಿಂದು ಮೇಲಕ್ಕೇರುತ್ತದೆ. ನೀರು ಆವಿಯಾದಷ್ಟೂ ಪಾಕ ಮಂದವಾಗಿ, ಶಾಖ ಏರುತ್ತಲೇ ಹೋಗುತ್ತದೆ. ಸುಮಾರು 115 ಡಿಗ್ರಿಯಲ್ಲಿ ಉಂಡೆ ಪಾಕ. ಆಗ ಪಾಕದಲ್ಲಿ ಶೇಕಡ 85ರಷ್ಟು ಸಕ್ಕರೆ. ಸುಮಾರು 150 ಡಿಗ್ರಿಗೆ ಬಂದರೆ ನೀರು ಹೆಚ್ಚುಕಡಿಮೆ ಪೂರ್ತಿ ಹೋಗಿ ‘ಟಣ್’ ಎನ್ನುವ ಪಾಕ. ಅಜ್ಜಿಯ ಬೆರಳು ಹೇಳುತ್ತಿದ್ದುದು ಇದನ್ನೇ.

ಇನ್ನು ಆಕಾರದ ಮಾತು. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವಾಗ ಪಾಕಕ್ಕೆ ಸ್ವಲ್ಪ ಹಾಲು ಬಿಡುತ್ತಾರೆ. ಹಾಲಿನ ಪ್ರೋಟೀನು ಗಟ್ಟಿಯಾಗುತ್ತಾ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಸೋಸುತ್ತಾರೆ. ಆಮೇಲೆ ಪಾಕವನ್ನು ಚೆನ್ನಾಗಿ ಉಜ್ಜಿ ತಿರುವಿ, ನೆನೆಸಿದ ಮರದ ಅಚ್ಚಿಗೆ ಸುರಿಯುತ್ತಾರೆ. ತಿರುವಿದಾಗ ಅಸಂಖ್ಯ ಸಣ್ಣ ಹರಳುಗಳು ಹುಟ್ಟಿ ಅಚ್ಚು ಬೆಳ್ಳಗಾಗುತ್ತದೆ. ಅದೇ ಪಾಕವನ್ನು ಗಟ್ಟಿ ಹದಕ್ಕೆ ತಂದು, ತಿರುವದೆ, ಸ್ವಲ್ಪ ನಿಂಬೆರಸ ಬಿಟ್ಟು ಆರಿಸಿದರೆ? ಆಮ್ಲದಿಂದ ಸಕ್ಕರೆಯ ಒಂದಷ್ಟು ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ಮಧ್ಯೆ ಅಡ್ಡ ಬರುವುದರಿಂದ ಅಣುಗಳು ಸಾಲಾಗಿ ಜೋಡಣೆಯಾಗಲಾರವು. ಆಗ ಸಿಗುವುದು ಗಾಜಿನಂಥ ಪಾರದರ್ಶಕ ಮಿಠಾಯಿ. ಬೆಲ್ಲದಲ್ಲಿ ಈ ಒಡೆದ ಸಕ್ಕರೆ ಮೊದಲೇ ಇರುತ್ತದೆ. ಮಳೆಗಾಲದಲ್ಲಿ ಕಮರಕಟ್ಟು ಅಂಟಂಟಾಗುವುದಕ್ಕೂ ಇದೇ ಕಾರಣ. ಫ್ರಕ್ಟೋಸ್ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ.

ಮೂರನೆಯ ಅವತಾರ ಬೊಂಬಾಯಿ ಮಿಠಾಯಿ. ಉದ್ದನೆಯ ಬಿದಿರಿನ ತುದಿಯಲ್ಲಿ ತಾಳ ಹೊಡೆಯುವ ಗೊಂಬೆ, ಅದರ ಕೆಳಗೆ ಸುತ್ತಿದ ಗುಲಾಬಿ ಬಣ್ಣದ ಮುದ್ದೆ. ಅದರಿಂದ ಎಳೆ ಎಳೆದು ಕೈಗೆ ವಾಚು ಕಟ್ಟುತ್ತಿದ್ದ, ಬೆರಳಿಗೆ ಉಂಗುರ ತೊಡಿಸುತ್ತಿದ್ದ. ಕೊನೆಗೊಂದು ಚೂರು ಕೆನ್ನೆಗೆ ಅಂಟಿಸಿದರೆ ಅದು ಪುಕ್ಕಟೆ! ಬಿಸಿ ಪಾಕವನ್ನು ಮತ್ತೆ ಮತ್ತೆ ಎಳೆದು ಮಡಿಸಿದಾಗ ಗಾಳಿಯ ಸಣ್ಣ ಗುಳ್ಳೆಗಳು ಒಳಗೆ ಸೇರಿ ಬೆಳಕನ್ನು ಚದುರಿಸುತ್ತವೆ. ಹಾಗಾಗಿ ಅದಕ್ಕೆ ರೇಷ್ಮೆಯ ಹೊಳಪು.

ನಾಲ್ಕನೆಯದು ಹತ್ತಿಯಂಥ ಮಿಠಾಯಿ. ಕರಗಿದ ಸಕ್ಕರೆ ಗಿರಗಿರ ತಿರುಗುವ ಪಾತ್ರೆಯ ಸಣ್ಣ ರಂಧ್ರಗಳಿಂದ ಹೊರಗೆ ಚಿಮ್ಮಿ, ಗಾಳಿ ತಾಕಿದ ಕೂಡಲೇ ನೂಲಾಗುತ್ತದೆ. ಈ ಯಂತ್ರವನ್ನು 1897ರಲ್ಲಿ ಅಮೆರಿಕದಲ್ಲಿ ರೂಪಿಸಿದ ಇಬ್ಬರಲ್ಲಿ ಜಾನ್ ವಾರ್ಟನ್ ಮಿಠಾಯಿ ವ್ಯಾಪಾರಿ. ಇನ್ನೊಬ್ಬರಾದ ವಿಲಿಯಂ ಮಾರಿಸನ್ ಯಾರು ಗೊತ್ತೇ? ಹಲ್ಲಿನ ವೈದ್ಯರು! 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಅವರು 68 ಸಾವಿರಕ್ಕೂ ಹೆಚ್ಚು ಪೊಟ್ಟಣ ಮಾರಿದರು.

ಬಾಯೊಳಗಿನ ಚಳಿಗಾಲ

ಪೆಪ್ಪರಮೆಂಟು ಬಾಯಲ್ಲಿಟ್ಟುಕೊಂಡು ತಣ್ಣೀರು ಕುಡಿದರೆ ಗಂಟಲೆಲ್ಲ ಐಸು. ಬಾವಿಯ ನೀರೇನೂ ಐಸಾಗಿರಲಿಲ್ಲವಲ್ಲ, ಮತ್ತೆ ಆ ಚಳಿ ಎಲ್ಲಿಂದ ಬಂತು? ನಮ್ಮ ನರಗಳ ತುದಿಯಲ್ಲಿ ಶಾಖ ಸುಮಾರು 26 ಡಿಗ್ರಿಗಿಂತ ಇಳಿದಾಗ ತೆರೆದುಕೊಳ್ಳುವ ಒಂದು ಬಾಗಿಲಿದೆ. ಟಿಆರ್‌ಪಿಎಂ-8 ಎಂದು ಅದರ ಹೆಸರು. ಪುದೀನ ಜಾತಿಯ ಎಣ್ಣೆಯಲ್ಲಿರುವ ಮೆಂಥಾಲ್ ಆ ಬಾಗಿಲನ್ನು ಶಾಖ ಇಳಿಯದಿದ್ದರೂ ತೆರೆದುಬಿಡುತ್ತದೆ. ಮಿದುಳು ‘ಚಳಿ’ ಎಂದು ನಂಬುತ್ತದೆ. ಮೆಂಥಾಲನ್ನೇ ಬಳಸಿ ಈ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್ ಅವರಿಗೆ, ಶಾಖ ಮತ್ತು ಸ್ಪರ್ಶದ ಕುರಿತ ಸಂಶೋಧನೆಗಾಗಿ 2021ರ ನೊಬೆಲ್ ಬಂತು. ಐದು ಪೈಸೆಯ ಬಿಲ್ಲೆಯೊಳಗೆ ನೊಬೆಲ್ ಮಟ್ಟದ ಪ್ರಶ್ನೆ ಅಡಗಿತ್ತೆಂದರೆ ನಂಬುತ್ತೀರಾ?

ಗುಬ್ಬಿ ಎಂಜಲು

ಒಂದೇ ಕಮರಕಟ್ಟು, ಮೂವರು ಗೆಳೆಯರು. ಆಗಿನ ಪರಿಹಾರ ಎಲ್ಲರಿಗೂ ಗೊತ್ತು. ಅಂಗಿಯ ತುದಿಯಲ್ಲಿ ಮಿಠಾಯಿ ಸುತ್ತಿ ಹಲ್ಲಿನಿಂದ ಕಟಕ್ಕನೆ ಕಡಿದರೆ ಚೂರುಗಳಾಗುತ್ತವೆ. ನಡುವೆ ಬಟ್ಟೆ ಇದ್ದುದರಿಂದ ಅದು ‘ಗುಬ್ಬಿ ಎಂಜಲು’, ಎಂಜಲಲ್ಲ! ಬ್ಯಾಕ್ಟೀರಿಯಾಗಳಿಗೆ ನೂಲಿನ ಸಂದು ಹೆದ್ದಾರಿಯಷ್ಟು ಅಗಲ ಎಂದು ಬಿ.ಎಸ್ಸಿ. ಓದುವಾಗ ತಿಳಿಯಿತು. ಆದರೆ ಇದ್ದ ಒಂದನ್ನು ಮೂವರಿಗೆ ಹಂಚಬೇಕೆಂಬ ನ್ಯಾಯವನ್ನು ಯಾವ ಪಠ್ಯಪುಸ್ತಕವೂ ಅದಕ್ಕಿಂತ ಚೆನ್ನಾಗಿ ಕಲಿಸಲಿಲ್ಲ. ಚೂರು ದೊಡ್ಡದೋ ಚಿಕ್ಕದೋ ಎಂಬ ಜಗಳವೂ ಪಾಠದ ಭಾಗವೇ.

ಆಗಿನದೆಲ್ಲ ಶುದ್ಧವೇ?

ಈಗ ಕಷ್ಟದ ಪ್ರಶ್ನೆಗೆ ಬರೋಣ. ಬೆಲ್ಲ, ಕಡಲೆಬೀಜದ ಮಿಠಾಯಿಯಲ್ಲಿ ಮುಚ್ಚುಮರೆ ಕಡಿಮೆ, ನಿಜ. ಆದರೆ ಭರಣಿಯ ಮುಚ್ಚಳ ದಿನವಿಡೀ ತೆರೆದಿರುತ್ತಿತ್ತು. ನೊಣಗಳಿಗೂ ಅಲ್ಲಿ ಖಾತೆ ಇತ್ತು. ಗುಲಾಬಿ, ಹಳದಿ ಬಣ್ಣಗಳ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳುವವರೂ ಇರಲಿಲ್ಲ. ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲೇ ಬಂದಿತ್ತು, ಆದರೆ ಜಾತ್ರೆಯ ಬಂಡಿಯವರೆಗೆ ಕಾಯ್ದೆ ನಡೆದು ಬರುವುದು ಸುಲಭವಲ್ಲ.

ಹಳೆಯದೆಲ್ಲ ಒಳ್ಳೆಯದು ಎನ್ನುವವರು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಕಥೆ ಕೇಳಬೇಕು. ಅಲ್ಲಿ ಸಕ್ಕರೆ ದುಬಾರಿಯೆಂದು ಪೆಪ್ಪರಮೆಂಟಿಗೆ ಸುಣ್ಣದಂಥ ಬಿಳಿ ಪುಡಿ ಬೆರೆಸುವ ರೂಢಿಯಿತ್ತು. 1858ರಲ್ಲಿ ಆ ಪುಡಿಯ ಬದಲು ಅಂಗಡಿಯವನು ಗೊತ್ತಿಲ್ಲದೆ ಆರ್ಸೆನಿಕ್ ಕೊಟ್ಟ. ಮಿಠಾಯಿ ತಿಂದ ಸುಮಾರು 20 ಮಂದಿ ಸತ್ತರು, ಸುಮಾರು 200 ಮಂದಿ ಹಾಸಿಗೆ ಹಿಡಿದರು. ವಿಷದ ಮಾರಾಟಕ್ಕೆ ಬಿಗಿ ಕಾನೂನು ಬರಲು ಈ ದುರಂತವೂ ಒಂದು ಕಾರಣವಾಯಿತು.

ನಮ್ಮ ರಾಜ್ಯದ ಸಂಗತಿಯೂ ದೂರದ್ದಲ್ಲ. ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಗುಲಾಬಿ ಬಣ್ಣ ಹತ್ತಿ ಮಿಠಾಯಿಯಲ್ಲಿ ಪತ್ತೆಯಾಗಿ 2024ರ ಫೆಬ್ರುವರಿಯಲ್ಲಿ ಪುದುಚೇರಿ, ತಮಿಳುನಾಡುಗಳು ಆ ಮಿಠಾಯಿಯನ್ನೇ ನಿಷೇಧಿಸಿದವು. ಕರ್ನಾಟಕದಲ್ಲಿ ಪರೀಕ್ಷಿಸಿದ 25 ಮಾದರಿಗಳ ಪೈಕಿ 15ರಲ್ಲಿ ಅಸುರಕ್ಷಿತ ಬಣ್ಣ ಕಂಡುಬಂತು. ಮಾರ್ಚ್ 11ರಂದು ಕೃತಕ ಬಣ್ಣದ ಹತ್ತಿ ಮಿಠಾಯಿಗೆ ನಿಷೇಧ ಬಿತ್ತು. ಬಣ್ಣ ಹಾಕದ ಬಿಳಿಯದಕ್ಕೆ ಅಡ್ಡಿಯಿಲ್ಲ. ನಾವು ಕೈಗೆ ಕಟ್ಟಿಕೊಂಡು ನೆಕ್ಕಿದ ಗುಲಾಬಿ ವಾಚಿನಲ್ಲಿ ಯಾವ ಬಣ್ಣವಿತ್ತೆಂದು ಆಗ ಪರೀಕ್ಷಿಸಿದವರಾರು? ಬೆಲ್ಲದ ವಿಷಯವೂ ಹಾಗೆಯೇ. ಅದು ಸಕ್ಕರೆಗಿಂತ ಸ್ವಲ್ಪ ಖನಿಜಾಂಶ ಹೆಚ್ಚಿರುವ ಸಿಹಿ, ಅಷ್ಟೇ. ಹೆಚ್ಚು ಭಾಗ ಸಕ್ಕರೆಯೇ. ಹಲ್ಲಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಹಾಗಾದರೆ ಅಜ್ಜಿಯರ ಹಲ್ಲು ಉಳಿದದ್ದು ಹೇಗೆ?

ಕೆಲವು ವರ್ಷಗಳ ಹಿಂದೆ ಆರನೇ ತರಗತಿಯ ಹುಡುಗಿಯೊಬ್ಬಳು ಪಾಠದ ಮಧ್ಯೆ ಕೆನ್ನೆ ಹಿಡಿದುಕೊಂಡು ಅಳತೊಡಗಿದಳು. ದವಡೆಯ ನಾಲ್ಕು ಹಲ್ಲು ಹುಳುಕು. ಕರೆದುಕೊಂಡು ಹೋಗಲು ಬಂದ ಅಜ್ಜಿಗೆ, ಮಿಠಾಯಿ ಕಡಿಮೆ ಮಾಡಿಸಿ ಎಂದೆ. ಅಜ್ಜಿಗೆ ಸಿಟ್ಟು ಬಂತು.

‘ಏನ್ ಮೇಷ್ಟ್ರೇ, ನಾವು ತಿಂದಿಲ್ವಾ? ನಮ್ಗೇನಾಯ್ತು? ಇವತ್ತಿಗೂ ಕಡ್ಲೆಬೀಜ ಕಟಕಟ ಅಂತ ಕಡೀತೀನಿ.’

‘ಸರಿ ಅಜ್ಜಿ, ವಾರಕ್ಕೆ ಎಷ್ಟು ಸಲ ತಿಂತಿದ್ರಿ?’

‘ವಾರಕ್ಕಾ? ನಮ್ಮಪ್ಪ ಸಂತೆಗೆ ಹೋಗಿ ಬಂದ್ರೆ ಆವತ್ತೊಂದು. ಇಲ್ಲಾಂದ್ರೆ ಆವಣಿ ಜಾತ್ರೆಗೆ ಬೆಂಡು ಬತ್ತಾಸು. ದಿನಾ ಎಲ್ಲಿಂದ ಬರ್ಬೇಕು?’

ಉತ್ತರ ಅಜ್ಜಿಯ ಬಾಯಿಂದಲೇ ಬಂದಿತ್ತು. ಅಜ್ಜಿಯ ಹಲ್ಲನ್ನು ಕಾಯ್ದದ್ದು ಮಿಠಾಯಿಯ ಶುದ್ಧತೆಗಿಂತ ಹೆಚ್ಚಾಗಿ ಎರಡು ಮಿಠಾಯಿಗಳ ನಡುವಿನ ಆರು ದಿನ.

ಇದರ ಹಿಂದಿನ ರಸಾಯನಶಾಸ್ತ್ರ ಸರಳ. ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾಡುತ್ತವೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲ್ಮೈಯ ಪಿಎಚ್ ಮೌಲ್ಯ 5.5ಕ್ಕಿಂತ ಕೆಳಗಿಳಿದು, ಎನಾಮಲ್ ಪದರದ ಖನಿಜ ಕರಗತೊಡಗುತ್ತದೆ. ಜೊಲ್ಲು ಆಮ್ಲವನ್ನು ತೊಳೆದು ಸ್ಥಿತಿ ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಂಟೆಗೊಂದು ಚಾಕೊಲೇಟು ಬಾಯಿಗೆ ಬಿದ್ದರೆ ಜೊಲ್ಲಿಗೆ ರಿಪೇರಿಗೆ ಬಿಡುವೇ ಇಲ್ಲ!

ಇದು ಜಗತ್ತಿಗೆ ಖಚಿತವಾದ ರೀತಿ ಮಾತ್ರ ನೋವಿನದು. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದ ನಡುವಿನಿಂದ ಬುದ್ಧಿಮಾಂದ್ಯರಾಗಿದ್ದ ರೋಗಿಗಳಿಗೆ, ಅವರ ಒಪ್ಪಿಗೆಯ ಗೊಡವೆಯೇ ಇಲ್ಲದೆ, ಬೇರೆ ಬೇರೆ ವಿಧದಲ್ಲಿ ಸಿಹಿ ತಿನ್ನಿಸಿ ಹಲ್ಲುಗಳನ್ನು ಪರೀಕ್ಷಿಸಿದರು. ಊಟದ ಜೊತೆಗೇ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಅಲ್ಪ. ಊಟಗಳ ನಡುವೆ ದಿನಕ್ಕೆ ಹಲವು ಬಾರಿ ಅಂಟು ಮಿಠಾಯಿ ತಿಂದವರ ಹಲ್ಲುಗಳು ಹಾಳಾದವು. 1954ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು. ಆದರೆ ಆ ನತದೃಷ್ಟರು ತೆತ್ತ ಬೆಲೆಯಿಂದ ಸ್ವೀಡನ್ನಿನ ಮನೆಗಳಲ್ಲಿ ಒಂದು ಪದ್ಧತಿ ಬೇರೂರಿತು. ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ! ‘ಶನಿವಾರದ ಸಿಹಿ’ ಎಂಬ ಅರ್ಥದ ಪದವೇ ಅವರ ಭಾಷೆಯಲ್ಲಿದೆ. ನಮ್ಮ ಅಜ್ಜಿಯ ಸಂತೆಯ ದಿನಕ್ಕೂ ಅವರ ಶನಿವಾರಕ್ಕೂ ವ್ಯತ್ಯಾಸವೇನು? ಅವರು ತಿಳಿದು ಮಾಡಿದರು. ನಾವು ಬಡತನದಿಂದ ಮಾಡಿದೆವು. ಕೈಯಲ್ಲಿ ಕಾಸು ಓಡಾಡಿದೊಡನೆ ನಮ್ಮ ನಿಯಮ ಮುರಿದುಬಿತ್ತು, ಅವರದು ಉಳಿಯಿತು.

ಈಗೇನು ಮಾಡೋಣ?

ಬಡತನವನ್ನು ಮರಳಿ ಕರೆಯಬೇಕೆಂದು ಯಾರೂ ಹೇಳಲಾರರು. ನಿಯಮವನ್ನು ಮಾತ್ರ ಕರೆಯಬಹುದು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿಯಾದ ಕೊಬ್ಬು, ಸಕ್ಕರೆ, ಉಪ್ಪಿನ ತಿನಿಸು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆಯೆಂದು ತೋರಿಸುವ ಫಲಕ ಹಾಕಲು ಸೂಚಿಸಿತು. ಒಳ್ಳೆಯದೇ. ಆದರೆ 50 ಮೀಟರ್ ಆಚೆಗೂ ಅಂಗಡಿಗಳಿವೆ, ಮನೆಯ ಫ್ರಿಜ್ಜಿಗೆ ಯಾವ ಫಲಕವೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ದಿನದ ಒಟ್ಟು ಕ್ಯಾಲೊರಿಯಲ್ಲಿ ಸೇರಿಸಿದ ಸಕ್ಕರೆಯಂಥವುಗಳ ಪಾಲು ಶೇಕಡ 10ನ್ನು ಮೀರಬಾರದು. ಶೇಕಡ 5ಕ್ಕೆ ಇಳಿದರೆ ಇನ್ನೂ ಉತ್ತಮ. ಅಂದರೆ ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ, ಆರು ಟೀ ಚಮಚ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿ ಲೆಕ್ಕ ಹಾಕುವ ಕೆಲಸ ಮಕ್ಕಳಿಗೇ ಕೊಡಿ. ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಪೋಷಕರೇ, ನಿಮ್ಮ ಮನೆಗೂ ಒಂದು ‘ಸಂತೆಯ ದಿನ’ ಗೊತ್ತು ಮಾಡಿ. ಭಾನುವಾರವಿರಲಿ, ಇನ್ಯಾವುದೋ ವಾರವಿರಲಿ. ಆವತ್ತು ಊಟದ ನಂತರ ಮಗು ತನಗೆ ಬೇಕಾದ ಸಿಹಿ ತಿನ್ನಲಿ, ಕಣ್ಣು ಬಿಡಬೇಡಿ. ಆಮೇಲೆ ಬಾಯಿ ಮುಕ್ಕಳಿಸಲಿ. ಉಳಿದ ದಿನ ಹಣ್ಣು, ಹುರಿದ ಕಡಲೆಬೀಜ ಇದ್ದೇ ಇವೆ. ಶ್ರೀನಿವಾಸಪುರದ ಮಾವಿನ ಕಾಲ ಬಂದರಂತೂ ಕೇಳಬೇಕೇ? ಸಾಧ್ಯವಾದರೆ ಆ ದಿನದ ಸಿಹಿಯನ್ನು ಮನೆಯಲ್ಲೇ ಮಾಡಿ. ಕಮರಕಟ್ಟಿನ ಪಾಕ ಕೈ ಸುಡುತ್ತದೆ, ಆದ್ದರಿಂದ ಒಲೆಯ ಮುಂದೆ ನೀವು, ತಣ್ಣೀರಿನ ಬಟ್ಟಲಿನ ಮುಂದೆ ಮಗು. ಬೆಂಕಿಯ ಹತ್ತಿರ ಬಿಡಲಾಗದ ಚಿಕ್ಕವರಿಗೆ ಕಲ್ಲುಸಕ್ಕರೆಯ ಪ್ರಯೋಗವಿದೆ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ ಸುಮಾರು 200 ಗ್ರಾಂ ಸಕ್ಕರೆ ಕರಗಿದರೆ, ಕುದಿಯುವ ನೀರಿನಲ್ಲಿ 480 ಗ್ರಾಂ ದಾಟುತ್ತದೆ. ನೀವು ಬಿಸಿ ನೀರಲ್ಲಿ ಸಾಧ್ಯವಾದಷ್ಟು ಸಕ್ಕರೆ ಕರಗಿಸಿ ಕೊಡಿ. ಆರಿದ ಮೇಲೆ ಮಗು ಅದರಲ್ಲಿ ನೂಲೊಂದನ್ನು ಇಳಿಬಿಡಲಿ. ಅಲುಗಿಸದೆ ಒಂದು ವಾರ ಇಟ್ಟರೆ, ಕರಗಿರಲಾರದ ಸಕ್ಕರೆ ನೂಲಿಗೆ ಹರಳು ಹರಳಾಗಿ ಕಟ್ಟುತ್ತದೆ.

ಹರಳು ಕಟ್ಟಲು ಒಂದು ವಾರ ಬೇಕು. ಮಗು ದಿನವೂ ಬಂದು ಬಗ್ಗಿ ನೋಡುತ್ತದೆ, ‘ಇನ್ನೂ ಎಷ್ಟು ದಿನ?’ ಎಂದು ಕೇಳುತ್ತದೆ. ಕೇಳಲಿ ಬಿಡಿ. ಕಾಯುವುದನ್ನು ಕಲಿತ ನಾಲಿಗೆಗೆ ಒಂದು ಚೂರು ಸಿಹಿಯೂ ಸಾಕಾಗುತ್ತದೆ.